ಬಾಲ್ಕನಿ ತೆರೆಯಲು ಅಡ್ಡಿಯಿಲ್ಲ

ಸೋಮವಾರ, ಹದಿನಾಲ್ಕನೇ ತಾರೀಕು
ಆಫೀಸು ಕೋಣೆಯಿಂದ

ನಮ್ಮ ಮನೆಯ ಎರಡನೇ ವಕೀಲರಿಗೆ, ಅಂದರೆ ನನ್ನ ಮುದ್ದಿನ ಮಗಳಿಗೆ,

ಕ್ಷೇಮವಾಗಿದ್ದೀಯೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತದ್ದಕ್ಕೆ ಬೇಕಾದರೆ ಬೈ, ಮುನಿಸಿಕೊಳ್ಳಬೇಡ. ಮೂವತ್ತು ವರ್ಷ ಊರವರ ಅರ್ಜಿ ಬರೆದವನಿಗೆ ಮಗಳಿಗೊಂದು ನಾಲ್ಕು ಸಾಲು ಬರೆಯಲಾಗಲಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ಯಾರು ಕೇಳಿಸಿಕೊಳ್ಳುತ್ತಾರೋ ಎಂಬ ಭಯ.

ಅಮ್ಮ ಆರೋಗ್ಯವಾಗಿದ್ದಾಳೆ. ನಿನ್ನೆ ಬಾಗಿಲು ತಟ್ಟಿದ ಸದ್ದಿಗೆ ನನ್ನ ಕೈಯಲ್ಲಿದ್ದ ಕಾಫಿ ಅಂಗಿಯ ಮೇಲೆಲ್ಲ ಚೆಲ್ಲಿತು. "ಪೇಪರಿನವನು ಕಣ್ರೀ, ಹುಲಿ ಅಲ್ಲ" ಅಂದಳು. ನಗಲು ನೋಡಿದೆ, ಆಗಲಿಲ್ಲ.

ನೀನು ಚಿಕ್ಕವಳಿದ್ದಾಗ ಈ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಮತ್ತೆ ನೀನು ಗುಮಾಸ್ತ ಮಾಮ ಎಂದು ಕರೆಯುತ್ತಿದ್ದವನು, ಇಷ್ಟೇ ಇದ್ದದ್ದು. ನಮ್ಮ ಜನರಲ್ಲಿ ಕರಿಕೋಟು ಹಾಕಿದ ಮೊದಲನೆಯವನು ನಾನು. ಬಾಡಿಗೆ ತಕರಾರು, ಅಣ್ಣತಮ್ಮಂದಿರ ಗೋಡೆ ಜಗಳ ಬಿಡಿಸುತ್ತ ಬಿಡಿಸುತ್ತ ನಮ್ಮವರ ಸಂಘದ ಅಧ್ಯಕ್ಷನಾದೆ, ಆಮೇಲೆ ನಗರಸಭೆಗೂ ಅಧ್ಯಕ್ಷನಾದೆ. ಬಂದವರು ನನಗಾಗಿ ಕಾಯುವುದು ಬೇಡವೆಂದು ಲೆಟರ್‌ಹೆಡ್ಡಿನ ಹತ್ತಿಪ್ಪತ್ತು ಖಾಲಿ ಹಾಳೆಗಳಿಗೆ ಸಹಿ ಹಾಕಿ ಗುಮಾಸ್ತನ ಕೈಗೆ ಕೊಟ್ಟು ಹೋಗುತ್ತಿದ್ದೆ. ಅವರ ಕಷ್ಟ ಕೇಳಿ ಅವನೇ ಟೈಪು ಮಾಡಿ ಕೊಡುತ್ತಿದ್ದ. ಕಕ್ಷಿದಾರರಿಂದ ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡೇ ಪಳಗಿದ ವಕೀಲನಿಗೆ ಅದರಲ್ಲೇನೂ ತಪ್ಪು ಕಾಣಲಿಲ್ಲ.

ಮುಂದಿನದು ನಿನಗೆ ಗೊತ್ತೇ ಇದೆ. ಸಂಘದ ಭವನದ ಬಾಲ್ಕನಿ ಬಿರುಕು ಬಿಟ್ಟಿದೆ, ಜನರನ್ನು ಹತ್ತಿಸಬೇಡಿ ಎಂದು ನಗರಸಭೆಯ ಇಂಜಿನಿಯರ್ ಬರೆದಿದ್ದರು. "ಬಾಲ್ಕನಿ ತೆರೆಯಲು ಅಡ್ಡಿಯಿಲ್ಲ" ಎಂಬ ಪತ್ರ ನನ್ನ ಲೆಟರ್‌ಹೆಡ್ಡಿನಲ್ಲಿ, ನನ್ನ ಸಹಿಯೊಂದಿಗೆ ಭವನಕ್ಕೆ ಹೋಯಿತು. ವಾರ್ಷಿಕ ಸಭೆಯ ದಿನ, ನಾನು ಮಾತಾಡುತ್ತಿದ್ದಾಗಲೇ ಬಾಲ್ಕನಿ ಕುಸಿಯಿತು. ಹನ್ನೊಂದು ಜನ ಆಸ್ಪತ್ರೆ ಸೇರಿದರು. ನಮ್ಮ ಬೀದಿಯ ಟೈಲರಮ್ಮ ಉಳಿಯಲಿಲ್ಲ. ಪೊಲೀಸರು ಕೇಳಿದಾಗ ಖಾಲಿ ಹಾಳೆಗಳ ವಿಷಯ ಹೇಳಿದೆ. ಗುಮಾಸ್ತನನ್ನು ಕರೆದುಕೊಂಡು ಹೋದರು. ಒಂಬತ್ತು ದಿನ ಒಳಗಿದ್ದ, ಆಮೇಲೆ ಜಾಮೀನು ಸಿಕ್ಕಿತು.

ನನ್ನ ಹೆದರಿಕೆ ಶುರುವಾದದ್ದು ಅಲ್ಲಿಂದ. ಬಿಡುಗಡೆಯಾದ ಮರುದಿನದಿಂದ ಅವನು ದಿನಾ ಬರುತ್ತಿದ್ದಾನೆ. ಹತ್ತು ಗಂಟೆಗೆ ಸರಿಯಾಗಿ ಗೇಟಿನೆದುರಿನ ಬೆಂಚಿನ ಮೇಲೆ ಕೂರುತ್ತಾನೆ, ಐದಕ್ಕೆ ಎದ್ದು ಹೋಗುತ್ತಾನೆ. ಬೈಯುವುದಿಲ್ಲ, ಒಳಗೂ ಬರುವುದಿಲ್ಲ. ಕಲ್ಲು ಹೊಡೆಯುವವನಾದರೆ ಪೊಲೀಸರನ್ನು ಕರೆಯಬಹುದು, ಇವನನ್ನು ಏನು ಮಾಡಲಿ ಹೇಳು. ಪರದೆ ಎಳೆದೆ. ಆಗ ಇನ್ನೂ ಹೆಚ್ಚು ಭಯವಾಯಿತು, ಎದ್ದು ಹೋಗಿ ಮತ್ತೆ ಸರಿಸಿದೆ. ಸಂಘದ ಕಾರ್ಯದರ್ಶಿ, "ಹೇಳಿ ಸಾರ್, ಒಂದು ಗಂಟೇಲಿ ಎಬ್ಬಿಸಿಬಿಡ್ತೀನಿ" ಅಂದ. ಬೇಡಪ್ಪಾ ಎಂದೆ.

ಶುಕ್ರವಾರ ಗಟ್ಟಿ ಮನಸ್ಸು ಮಾಡಿ ಹೊರಗೆ ಹೋದೆ. ಗೇಟಿನವರೆಗೆ ಹೋಗಿ ಎರಡು ಸಲ ವಾಪಸು ಬಂದಿದ್ದೆ, ಸುಳ್ಳೇಕೆ ಹೇಳಲಿ. "ಏನಯ್ಯಾ ಬೇಕು ನಿನಗೆ?" ಎಂದೆ. ಮೊದಲಿನ ಹಾಗೆಯೇ ಎದ್ದು ನಿಂತ.

"ಏನೂ ಬೇಡ ಸಾರ್. ಮನೇಲಿ ಕೂತ್ರೆ ಇವನೇ ತಪ್ಪು ಮಾಡಿದ್ದು ಅಂತಾರೆ. ಇಲ್ಲಿಗೆ ಬಂದ್ರೆ, ಸಾಹೇಬರಿಗೆ ಇವನ ಮೇಲೆ ಇನ್ನೂ ನಂಬಿಕೆ ಇದೆ ಅಂದ್ಕೋತಾರೆ. ಅದಕ್ಕೇ ಬರ್ತೀನಿ." ಮತ್ತೆ ಬೆಂಚಿನ ಮೇಲೆ ಕೂರುತ್ತ, "ಚಿಕ್ಕ ವಕೀಲಮ್ಮ ಬರ್ತಾರಂತಲ್ಲ ಸಾರ್, ಇನ್ನು ಚಿಂತೆ ಇಲ್ಲ" ಎಂದ. ನಾನು ಹೂಂಗುಟ್ಟಿ ಒಳಗೆ ಬಂದು ಚಿಲಕ ಹಾಕಿಕೊಂಡೆ.

ನೀನು ಕಳಿಸಿದ ಪ್ರಮಾಣಪತ್ರದ ಕರಡು ಓದಿದೆ. ಮುಂದಿನ ಗುರುವಾರ ನ್ಯಾಯಾಧೀಶರ ಮುಂದೆ ಇದನ್ನೇ ಇಟ್ಟು, ಕೇಸಿನಿಂದ ನನ್ನ ಹೆಸರು ಕೈಬಿಡಬೇಕೆಂದು ವಾದಿಸುತ್ತೀ. "ನನ್ನ ಗಮನಕ್ಕೆ ಬಾರದೆ" ಎಂದು ಎರಡು ಕಡೆ ಬರೆದಿದ್ದೀ. ಒಂದಕ್ಷರ ಆಚೀಚೆ ಮಾಡುವ ಹಾಗಿಲ್ಲ, ಅಷ್ಟು ಚೆನ್ನಾಗಿದೆ. ನಂಬದ ಮಾತನ್ನು ಕೋರ್ಟಿನಲ್ಲಿ ಆಡುವವಳಲ್ಲ ನೀನು, ಅದು ನನಗೆ ಗೊತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನನಗಿಂತ ದೊಡ್ಡ ವಕೀಲಳಾಗು, ನನಗಿಂತ ನೆಮ್ಮದಿಯಾಗಿ ನಿದ್ದೆ ಮಾಡು. ಅಪ್ಪನ ಆಶೀರ್ವಾದ ಇಷ್ಟೇ.

ಇಂತಿ ನಿನ್ನ
ಅಪ್ಪ

ಮತ್ತೆ ಬರೆದದ್ದು: ಒಂದು ವಿಷಯ ಬರೆಯುವುದು ಮರೆತಿದ್ದೆ ಎನ್ನಲು ಹೊರಟಿದ್ದೆ. ಮರೆತಿರಲಿಲ್ಲ. ಆ ಪತ್ರದ ದಿನ ಸಹಿ ಮಾಡಿಟ್ಟ ಹಾಳೆಗಳು ಮುಗಿದಿದ್ದವು. ನಾನೇ ಹೇಳಿ ಟೈಪು ಮಾಡಿಸಿದೆ. ಗುಮಾಸ್ತ ಅದನ್ನು ನನ್ನ ಮುಂದಿಟ್ಟು, "ಇಂಜಿನಿಯರು ಬೇಡ ಅಂದಿದ್ದಾರಲ್ಲ ಸಾರ್, ಇನ್ನೊಂದ್ಸಲ ಯೋಚನೆ ಮಾಡಿ" ಅಂದ. ಬಾಲ್ಕನಿ ಮುಚ್ಚಿದರೆ ನನ್ನ ಭಾಷಣಕ್ಕೆ ಬಂದವರಿಗೆ ಜಾಗ ಸಾಲುವುದಿಲ್ಲವೆಂದು, ಓದಿಯೇ ಸಹಿ ಹಾಕಿದೆ. ಇದನ್ನು ಅವನು ಪೊಲೀಸರಿಗೂ ಹೇಳಲಿಲ್ಲ. ನಾನೇ ಹೇಳುತ್ತೇನೆಂದು ಕಾಯುತ್ತಿದ್ದಾನೆ. ಅಂಚೆ ಕಚೇರಿಯವರೆಗೆ ಹೋಗುವಷ್ಟರಲ್ಲಿ ನಾನು ಇದನ್ನು ಹರಿದು ಹಾಕಿಬಿಡುತ್ತೇನೆ ಮಗಳೇ, ನನ್ನನ್ನು ನಾನು ಬಲ್ಲೆ. ಅದಕ್ಕೇ ಲಕೋಟೆ ಅಂಟಿಸಿ, ಅಂಚೆಗೆ ಹಾಕೆಂದು ಗುಮಾಸ್ತನ ಕೈಯಲ್ಲೇ ಕೊಡುತ್ತಿದ್ದೇನೆ. ಅವನು ಒಡೆದು ನೋಡುವವನಲ್ಲ.