ಫೋಟೋದ ಎಡಗಡೆ

ಹಂಗಳ, ಸೋಮವಾರ

ವಲಯ ಅರಣ್ಯಾಧಿಕಾರಿ ಸಾಹೇಬರಿಗೆ, ಗಸ್ತು ಕಾವಲುಗಾರ ಶಿವಮಲ್ಲುವಿನ ನಮಸ್ಕಾರಗಳು.

ನೀವು ಕೇಳಿದ ವಿವರಣೆ ಇದು. ಆನೆ ತುಳಿದು ತೀರಿಕೊಂಡ ನನ್ನ ಜೊತೆಗಾರ ಗುರುಮಲ್ಲಯ್ಯನವರು ಶುಕ್ರವಾರದ ಗಸ್ತಿನ ಫೋಟೋದಲ್ಲಿ ಕಣ್ಣು ಮುಚ್ಚಿರುವುದು ನಿಜ. ಆದರೆ ಅದು ನಿದ್ದೆಯಲ್ಲ. ಲಂಟಾನ ಪೊದೆ ದಾಟುವ ಮುನ್ನ ಅವರು ದಿನವೂ ಹಾಗೆ ನಿಂತು ಉಸಿರಿಗೊಂದು ಬೆರಳು ಮಡಚುತ್ತಿದ್ದರು. "ಹತ್ತು ಉಸ್ರು ಎಣುಸ್ಲಾ. ಓಗಬೋದೋ ಬ್ಯಾಡ್ವೋ ಅಂತ ಕಾಡೇ ಏಳ್ತದೆ" ಎನ್ನುತ್ತಿದ್ದರು. ಹನ್ನೊಂದು ವರ್ಷ ಹಾಗೇ ನಡೆದೆವು.

ಶುಕ್ರವಾರ ಅವರು ಎಣಿಸುತ್ತಿದ್ದಾಗ ನನ್ನ ಮೊಬೈಲು ಕೂಗಿತು. ಗಸ್ತಿನ ಫೋಟೋ ಕಳಿಸುವ ಹೊತ್ತು ಮೀರಿತ್ತು. ಎಣಿಕೆ ಮುಗಿಯಲಿ ಎಂದು ನಾನು ಕಾಯಲಿಲ್ಲ. "ಈ ಕಡೀಕೆ ತಿರುಗಣ್ಣೋ" ಅಂದೆ. ಕಣ್ಣು ಮುಚ್ಚಿಕೊಂಡೇ ತಿರುಗಿದರು. ಎಡಗಡೆ ಪೊದೆಯೊಳಗೆ ಕಾಣುವ ಬೂದುಬಣ್ಣ ಬಂಡೆಯದಲ್ಲ. ಆಗ ನಾನದನ್ನು ನೋಡಲಿಲ್ಲ. ಮುಖ ಸರಿಯಾಗಿ ಬಿತ್ತೇ ಎಂದು ನೋಡುತ್ತಿದ್ದೆ.

ಆ ಮೊಬೈಲು ಈಗ ಕಚೇರಿಯಲ್ಲಿದೆ. ಅವರ ಹೆಂಡತಿ ಮಂಚಮ್ಮ ಪೂಜೆಗಿಡಲು ಆ ಫೋಟೋವನ್ನೇ ಕೇಳಿದ್ದಾರೆ. "ಕೊನೇದು ಅದೇ ಅಲ್ವಾ, ಕೊಡ್ಸು ಮಲ್ಲು" ಅಂದರು. ಇಲ್ಲವೆನ್ನಲಾಗಲಿಲ್ಲ.

ದಯವಿಟ್ಟು ಎಡಗಡೆ ಕತ್ತರಿಸಿ ಪ್ರಿಂಟ್ ಹಾಕಿಸಿಕೊಡಿ. ಕೈಗಳನ್ನು ಮಾತ್ರ ಕತ್ತರಿಸಬೇಡಿ. ಆರು ಬೆರಳು ಮಡಚಿವೆ.

ಇಂತಿ,
ಶಿವಮಲ್ಲು