ಪಕ್ಕಕ್ಕೆ ಸರಿಯುವ ಪಾಠ

ಭಾನುವಾರ, ಬೆಳಿಗ್ಗೆ

ನನ್ನ ಚಿನಕುರುಳಿಗೆ,

ಅಮ್ಮ ಫೋನೇ ಎತ್ತುತ್ತಿಲ್ಲ ಅಂತ ಮುನಿಸಿಕೊಂಡಿರುತ್ತೀಯ. ಮೂಗಿನ ತುದಿಯಲ್ಲೇ ಕೋಪ ನಿನಗೆ. ಆ ಮೂಗೂ ನನ್ನದೇ, ಯಾರನ್ನು ಬೈಯಲಿ? ಬೇಕೆಂದೇ ಎತ್ತುತ್ತಿಲ್ಲ ಕಣೇ. ಯಾಕೆ ಅಂತ ಹೇಳುತ್ತೇನೆ, ಕೂತುಕೊಂಡು ಓದು. ಗೋಡೆಗೆ ಬೆನ್ನು ಕೊಟ್ಟು ಕೂರು.

ಈ ವಯಸ್ಸಿನಲ್ಲಿ ಅತ್ತೆಗೆ ಕುಸ್ತಿಯ ಹುಚ್ಚು ಅಂತ ನಿನ್ನ ಗಂಡ ನಕ್ಕಿದ್ದು ನನಗೆ ಗೊತ್ತು. ನಗಲಿ ಬಿಡು. ಅದು ಕುಸ್ತಿಯಲ್ಲ, ಮೈಮೇಲೆ ಬಿದ್ದವರನ್ನು ಹೊಡೆಯದೆ ತಪ್ಪಿಸಿಕೊಳ್ಳುವ ವಿದ್ಯೆ. ಕನ್ನಡಕದ ಅಂಗಡಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಗಾಜು ಉಜ್ಜಿ ಉಜ್ಜಿ ನನ್ನ ಸೊಂಟ ಹಿಡಿದುಹೋಗಿತ್ತು. ನಿಮ್ಮಪ್ಪ ಹೋದಮೇಲೆ ನಾಲಿಗೆಯೂ ಹರಿತವಾಗಿ, ಗಿರಾಕಿಗಳ ಮೇಲೆಲ್ಲ ಸಿಡುಕುತ್ತಿದ್ದೆ. ಆ ವಿದ್ಯೆಯ ತರಗತಿಗೆ ಸೇರಿದ ಮೇಲೆ ಎರಡೂ ಸಡಿಲವಾದವು. ನಮ್ಮ ಗುರುಗಳು ನೋಡಲು ಕಡ್ಡಿ ಪೈಲ್ವಾನ್, ಆದರೆ ಅವರನ್ನು ಅಲ್ಲಾಡಿಸಿದವರು ಇನ್ನೂ ಹುಟ್ಟಿಲ್ಲ. ಬಂದಿದ್ದಕ್ಕೆ ಎದೆ ಕೊಡಬೇಡಿ, ಉಸಿರು ಬಿಟ್ಟು ಪಕ್ಕಕ್ಕೆ ಸರೀರಿ, ಅದರ ಪಾಡಿಗೆ ಅದು ಹೋಗುತ್ತೆ ಅನ್ನುವುದೊಂದೇ ಅವರ ಮಂತ್ರ. ಗಿರಾಕಿ ರೇಗಿದಾಗಲೂ ನಾನು ಹಾಗೇ ಮಾಡತೊಡಗಿದೆ. ಅಂಗಡಿ ಯಜಮಾನರಿಗೇ ಆಶ್ಚರ್ಯ.

ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ ಅಭ್ಯಾಸ ಮಾಡಿಸಿದರು. ಬೆನ್ನ ಹಿಂದೆ ಒಬ್ಬರು ಸದ್ದಿಲ್ಲದೆ ಬಂದು ನಿಲ್ಲುತ್ತಾರೆ, ಗೊತ್ತಾದ ಕೂಡಲೇ ಕೈ ಎತ್ತಬೇಕು. ಕತ್ತಿಗೆ ತಣ್ಣನೆಯ ಉಸಿರು ತಾಗಿತು, ಎತ್ತಿದೆ. ಇನ್ನೂ ಯಾರನ್ನೂ ಕಳಿಸೇ ಇಲ್ಲವಲ್ಲ ಅಂದರು ಗುರುಗಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಮಾತ್ರ ನಗಲಿಲ್ಲ.

ಅದು ನನ್ನ ಜೊತೆ ಮನೆಗೆ ಬಂತು. ಪಾತ್ರೆ ತೊಳೆಯುವಾಗ, ಬೀಗ ತೆಗೆಯುವಾಗ, ಅಂಗಡಿಯಲ್ಲಿ ಗಾಜು ಹಿಡಿದು ಕೂತಾಗ, ಬೆನ್ನ ಹಿಂದೆಯೇ. ತಿರುಗಿದರೆ ಏನೂ ಇಲ್ಲ. ಮೊದಮೊದಲು ನಿಮ್ಮಪ್ಪ ಅಂದುಕೊಂಡು ಮಾತಾಡಿಸಿದೆ, ಇಷ್ಟು ದಿನ ಎಲ್ಲಿ ಹೋಗಿದ್ರಿ ಅಂತ ಗದರಿದೆ ಕೂಡ. ಆದರೆ ನಿಮ್ಮಪ್ಪ ಹತ್ತಿರ ಬಂದರೆ ಬೆಚ್ಚಗಾಗುತ್ತಿತ್ತು ನನಗೆ. ಇದು ಬಂದರೆ ಉಗುರುಗಳು ನೀಲಿಯಾಗುತ್ತಿದ್ದವು.

ಹೋದ ವಾರ ನೀನು ಫೋನ್ ಮಾಡಿ ಮಗುವಿಗೆ ಹಲ್ಲು ಬಂತು ಅಂತ ಸಂಭ್ರಮಪಡುತ್ತಿದ್ದೆಯಲ್ಲ, ಆಗ ಅದು ನನ್ನ ಹೆಗಲಿಗೇ ತಾಗಿತು. ಪಾಠ ನೆನಪಾಯಿತು. ಉಸಿರು ಬಿಟ್ಟು ಪಕ್ಕಕ್ಕೆ ಸರಿದೆ, ಫೋನ್ ಹಿಡಿದ ಕೈ ಮಾತ್ರ ಮುಂದೆಯೇ ಉಳಿಯಿತು. ಅದು ನನ್ನನ್ನು ದಾಟಿ ಹೋಯಿತು. ಮನೆಯೆಲ್ಲ ಹಗುರವಾಯಿತು. ಗೆದ್ದೆ ಅಂತ ಹೇಳಲು ಗುರುಗಳ ಹತ್ತಿರ ಓಡಿದೆ.

ಸರಿದಾಗ ಎದುರಿಗೆ ಯಾರಿದ್ದರು ಅಂತ ಕೇಳಿದರು. ಯಾರೂ ಇಲ್ಲ, ಮಗಳ ಜೊತೆ ಫೋನಿನಲ್ಲಿದ್ದೆ ಅಂದೆ. ಅವರ ಮುಖ ಬಿಳಿಚಿಕೊಂಡಿತು. ಖಾಲಿ ಜಾಗಕ್ಕೆ ಅದು ಹೋಗುವುದಿಲ್ಲವಂತೆ, ಎದುರಿಗೆ ಯಾರಾದರೂ ಬೇಕಂತೆ. ದಾರಿ ಬಿಡೋದು ಕಲಿಸಿದೆ, ಯಾರ ಕಡೆಗೆ ಅಂತ ನೋಡೋದು ಕಲಿಸಲಿಲ್ಲ ಅಂತ ಕೈ ಮುಗಿದರು. ಇದೆಲ್ಲ ಅವರಿಗೆ ಹೇಗೆ ಗೊತ್ತು ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಮನೆಗೆ ಬರುವಷ್ಟರಲ್ಲಿ ನಿನ್ನ ಮೆಸೇಜು ಬಂದಿತ್ತು: ಯಾಕೋ ಹಿಂದೆ ಯಾರೋ ನಿಂತ ಹಾಗಾಗುತ್ತೆ ಅಮ್ಮ, ಕತ್ತು ತಣ್ಣಗಾಗುತ್ತೆ ಅಂತ. ನನ್ನ ಜೀವ ಬಾಯಿಗೆ ಬಂತು. ಆ ದಾರಿಯಲ್ಲಿ ಇನ್ನೇನು ನಿನ್ನ ಹತ್ತಿರ ಬರುತ್ತೋ ಅಂತ ಅಂದಿನಿಂದ ಫೋನ್ ಮುಟ್ಟಿಲ್ಲ.

ಹೆದರಬೇಡ ಕಂದ. ನಿಧಾನವಾಗಿ ಉಸಿರಾಡು, ನಿಂತಲ್ಲೇ ಗಟ್ಟಿಯಾಗಿ ನಿಲ್ಲು. ನಾನು ಕೊಚ್ಚಿಕೊಂಡ ಪಾಠವನ್ನೆಲ್ಲ ಮರೆತುಬಿಡು. ಪಕ್ಕಕ್ಕೆ ಮಾತ್ರ ಸರಿಯಬೇಡ. ಹಾಲು ಕುಡಿಸುವಾಗ, ತೊಟ್ಟಿಲ ಮೇಲೆ ಬಗ್ಗಿದಾಗಲಂತೂ ಒಂದಿಷ್ಟೂ ಕದಲಬೇಡ. ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿನ್ನನ್ನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುವ,
ಅಮ್ಮ

ಮತ್ತೊಂದು ಮಾತು: ಈ ಪತ್ರದ ಹಿಂದೆಯೇ ನಾನೂ ಹೊರಟಿದ್ದೇನೆ. ಬಾಗಿಲು ತಟ್ಟಿದಾಗ ಮಗುವನ್ನು ಒಳಗೆ ಮಲಗಿಸಿ ನೀನೊಬ್ಬಳೇ ಬಾ. ಓಡಿಬಂದು ತಬ್ಬಿಕೊಳ್ಳಬೇಡ. ನಾನು ನಿನ್ನೆದುರು ಸರಿಯಾಗಿ ನಿಂತಮೇಲೆ, ಉಸಿರು ಬಿಟ್ಟು ಪಕ್ಕಕ್ಕೆ ಸರಿ. ಈ ಸಲ ನಾನು ಸರಿಯುವುದಿಲ್ಲ.