ಒಂದೂವರೆ ಗಂಟೆಯ ಎರರ್

ಜುಲೈ 8, ಮಂಗಳವಾರ. ಸಂಜೆ 5

ಇವತ್ತೂ ಸ್ಕ್ರೀನಿನಲ್ಲಿ ಅದೇ ಕೆಂಪು ಎರರ್ ಸಾಲು. ಡೇಟಾ ತಡವಾಗಿ ಬಂದಿದೆ, 412 ದಾಖಲೆ ತಪ್ಪಿಹೋಗಿವೆ. ಜಾಬ್ ಮುಚ್ಚಿ ತೆರೆದೆ. ಮೆಮರಿ ಜಾಸ್ತಿ ಕೊಟ್ಟೆ. ಮೂರು ಗಂಟೆಗೆ ಶುರುವಾದದ್ದು ನಾಲ್ಕೂವರೆಗೆ ತಾನಾಗಿಯೇ ನಿಂತಿತು.

ಪೀಣ್ಯದ ಈ ಗ್ರೈಂಡಿಂಗ್ ಮೆಷಿನ್ ಹೇಗೆ ಅದುರುತ್ತದೆ ಎಂದು ಕಲಿತು, ಬೇರಿಂಗ್ ಕೆಡುವ ಮೊದಲೇ ಎಚ್ಚರಿಸಬೇಕು. ನಮ್ಮ ಸರ್ಚ್ ಡೇಟಾಬೇಸಿನೊಳಗಿನ ಎಂಎಲ್ ಜಾಬಿಗೆ, ಅಂದರೆ ಡೇಟಾ ನೋಡಿ ತಾನೇ ಕಲಿಯುವ ಪ್ರೋಗ್ರಾಮಿಗೆ, ಇರುವುದು ಇದೊಂದೇ ಕೆಲಸ. ಡೇಟಾನೇ ಬರದಿದ್ದರೆ ಏನು ಹೇಳಬೇಕು, ಮಣ್ಣು! ಫ್ಯಾಕ್ಟರಿ ಮ್ಯಾನೇಜರ್ ಸಿದ್ದರಾಜು ಕಡ್ಡಿ ಮುರಿದಂತೆ ಹೇಳಿದರು: "ಶನಿವಾರದವರ್ಗೂ ನೋಡ್ತೀನಿ ಮೇಡಂ. ಆಮೇಲೆ ನಿಮ್ ಬಾಕ್ಸ್ ಬಿಚ್ಕೊಂಡ್ ಹೋಗಿ."

ಮೆಷಿನ್ನಿನ ಅದುರಾಟ ಅಳೆದು ಡೇಟಾ ಕಳಿಸುವ ಆ ಬಾಕ್ಸ್ ಹೋದರೆ ಪ್ರೊಬೇಷನ್‌ನಲ್ಲಿರುವ ನಾನೂ ಅದರ ಹಿಂದೆಯೇ. ಭಯವಾಗುತ್ತಿದೆ.

ಜುಲೈ 9, ಬುಧವಾರ

ಇವತ್ತು ಹನ್ನೆರಡರಿಂದ ಒಂದೂವರೆ. ನಿನ್ನೆಯ ಹೊತ್ತೇ ಬೇರೆ. ಕೇಬಲ್ ಬದಲಿಸಿದೆ — ದಂಡ. ಟೀಮ್ ಲೀಡ್ ವಸಂತ್ ಫೋನಿನಲ್ಲಿ, "ಕೃಪಾ, ಜಾಬ್‌ಗೆ ಎರಡ್ ಗಂಟೆ ಕಾಯೋಕೆ ಹೇಳ್ಬಿಡು, ಎರರ್ ಹೋಗತ್ತೆ" ಎಂದ. ಹೋಗುತ್ತದೆ, ಸರಿ. ಬೇರಿಂಗ್ ಮುರಿದು ಎರಡು ಗಂಟೆಯಾದ ಮೇಲೆ ಎಚ್ಚರಿಸುವ ಜಾಬ್ ಯಾರಿಗೆ ಬೇಕು? ಸಿಟ್ಟು ಬಂತು. ಮಾಡಲಿಲ್ಲ.

ಜುಲೈ 10, ಗುರುವಾರ. ಸಂಜೆ

ಎರರ್ ಬಂದ ಹೊತ್ತುಗಳನ್ನು ಚೀಟಿಯಲ್ಲಿ ಬರೆದುಕೊಂಡು ಮನೆಗೆ ಬಂದೆ. ಸೋಮವಾರ ಏಳೂವರೆಯಿಂದ ಒಂಬತ್ತು. ಮಂಗಳವಾರ ಮೂರರಿಂದ ನಾಲ್ಕೂವರೆ... ಇವತ್ತು ಒಂದೂವರೆಯಿಂದ ಮೂರು. ಮಾಕಳಿಯ ನಮ್ಮ ಮನೆ ಓನರ್ ನಾಗಲಕ್ಷ್ಮಮ್ಮ ಸೊಪ್ಪು ಕೊಡಲು ಬಂದವರು ಚೀಟಿಗೆ ಇಣುಕಿದರು.

"ರಾಹುಕಾಲ ಯಾಕಮ್ಮ ಕೂತ್ಕಂಡ್ ಬರೀತಿದ್ದೀಯ? ಕ್ಯಾಲೆಂಡರ್‌ನಾಗೇ ಐತಲ್ಲ!"

ಗೋಡೆ ನೋಡಿದೆ. ಚೀಟಿ ನೋಡಿದೆ. ಎಲ್ಲವೂ ಅದೇ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ತಲೆಗೆ ಇದು ಹೊಳೆಯಲಿಲ್ಲ.

ಜುಲೈ 11, ಶುಕ್ರವಾರ. ಮಧ್ಯಾಹ್ನ 1

ಬೆಳಿಗ್ಗೆ ಹೋದವಳೇ ಮೆಷಿನ್ ನಡೆಸುವ ನಲ್ಲಪ್ಪನವರನ್ನು ಕೇಳಿದೆ. ಅವರಿಗೆ ಅರ್ಧ ಗಂಟೆಗೊಂದು ಹೊಸ ಲಾಟ್ ಬಿಡಿಭಾಗ ಬರುತ್ತದೆ; ಪ್ರತಿ ಲಾಟಿನ ನಂಬರನ್ನೂ ನಮ್ಮ ಬಾಕ್ಸಿನಲ್ಲಿ ಒತ್ತಬೇಕು.

"ರಾಹುಕಾಲದಾಗೆ ಹೊಸ ಲಾಟ್ ನಂಬರ್ ಒತ್ತಕಿಲ್ಲ ಮೇಡಂ. ಮೆಷಿನ್ ಓಡ್ತಾನೇ ಇರ್ತದೆ. ನಂಬರ್ ಆಮ್ಯಾಕೆ ಒತ್ತೀನಿ."

ನಂಬರ್ ಒತ್ತುವವರೆಗೆ ಡೇಟಾವನ್ನು ಬಾಕ್ಸ್ ಕಳಿಸುವುದಿಲ್ಲ. ಆ ರೂಲ್ ಬರೆದವಳು ನಾನೇ!

"ಅಂಗಾರೆ ನನ್ನಿಂದ ತೊಂದ್ರೆ ಆಯ್ತಾ?"

"ಇಲ್ಲ ನಲ್ಲಪ್ಪನವರೇ, ನನ್ನಿಂದ. ನೀವು ಯಾವಾಗ ಬೇಕಾದ್ರೂ ಒತ್ತಿ."

ರೂಲ್ ತೆಗೆದೆ. ಇವತ್ತಿನ ರಾಹುಕಾಲ, ಹತ್ತೂವರೆಯಿಂದ ಹನ್ನೆರಡು, ಕಳೆಯಿತು. ಒಂದೂ ಕೆಂಪು ಸಾಲು ಇಲ್ಲ. ಅಬ್ಬಾ... ಮೈ ಹಗುರ. ಕ್ಯಾಂಟೀನಿನಲ್ಲಿ ಎರಡು ಪ್ಲೇಟ್ ಚಿತ್ರಾನ್ನ ತಿಂದೆ.

ಜುಲೈ 12, ಶನಿವಾರ. ಸಂಜೆ 5

ಬೆಳಿಗ್ಗೆ 9.40ಕ್ಕೆ, ರಾಹುಕಾಲದ ನಡುವೆಯೇ, ಜಾಬ್ ಕೂಗಿತು. ಅದುರಾಟ ಮಾಮೂಲಿಗಿಂತ ಮೂರು ಪಟ್ಟು. ಸುಳ್ಳಾದರೆ ನನ್ನ ಕಥೆ ಮುಗಿಯಿತು. ಆದರೂ ಓಡಿಹೋಗಿ "ನಿಲ್ಸಿ!" ಎಂದು ಕೂಗಿದೆ. ನಲ್ಲಪ್ಪನವರು ಕೂಡಲೇ ನಿಲ್ಲಿಸಿದರು. ಸಿದ್ದರಾಜು ಕೈಕಟ್ಟಿ ನಿಂತರು. ಬಿಚ್ಚಿ ನೋಡಿದರೆ ಬೇರಿಂಗಿನ ಗುಂಡುಗಳೆಲ್ಲ ಚಕ್ಕೆ ಎದ್ದಿದ್ದವು.

"ಇನ್ನೊಸಿ ಹೊತ್ತು ಓಡಿದ್ರೆ ಸಾಣೆಕಲ್ಲೇ ಒಡ್ದು ನನ್ ಮಕಕ್ಕೆ ಬರ್ತಿತ್ತು" ಎಂದರು ನಲ್ಲಪ್ಪ.

ಸಿದ್ದರಾಜು ಹೇಳಿದ್ದಿಷ್ಟೇ: "ಬಾಕ್ಸ್ ಅಲ್ಲೇ ಇರ್ಲಿ ಮೇಡಂ." ಬಾತ್‌ರೂಮಿಗೆ ಹೋಗಿ ಅತ್ತೆ. ಖುಷಿಗೆ.

ಹೊಸ ಬೇರಿಂಗ್ ಕೂರಿಸಿ ಆಯಿತಂತೆ. ನಲ್ಲಪ್ಪನವರು ಕರೆಯುತ್ತಿದ್ದಾರೆ — ಮೆಷಿನ್ ನಾನೇ ಶುರು ಮಾಡಬೇಕಂತೆ, ಅಲ್ಲಿಯವರೆಗೆ ಯಾರನ್ನೂ ಮುಟ್ಟಲು ಬಿಡುವುದಿಲ್ಲ ಎಂದು ಹಟ ಹಿಡಿದು...